ಹೆಸರು ಹೇಳದ ಸೇವಾ ಶುಲ್ಕಕ್ಕೆ ಉಕ್ಕಡಗಾತ್ರಿಯಿಂದ ಬಹಿರಂಗ ಪತ್ರ

ಗೆ,
ಶ್ರೀಮಾನ್ ಸೇವಾ ಶುಲ್ಕದವರು,
ಮೊಕ್ಕಾಂ: ನನ್ನ ಪಾಸ್‌ಬುಕ್ಕಿನ ಖರ್ಚಿನ ಕಲಂ.

ಇಂದ,
ಒಬ್ಬ ಉಳಿತಾಯ ಖಾತೆದಾರ,
ಉಕ್ಕಡಗಾತ್ರಿ, ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ.

ವಿಷಯ: ಅಪ್ಪಣೆಯಿಲ್ಲದೆ ನನ್ನ ಖಾತೆಯಲ್ಲಿ ಬೀಡುಬಿಟ್ಟಿರುವ ಕುರಿತು.

ಮಾನ್ಯರೇ,

ತಾವು ಕ್ಷೇಮವಾಗಿರುವುದು ಪಾಸ್‌ಬುಕ್ಕಿನಿಂದ ತಿಳಿಯಿತು. ಮುಂಗಾರು ಕೈಕೊಟ್ಟರೂ, ಭದ್ರಾ ನಾಲೆಗೆ ನೀರು ತಡವಾಗಿ ಬಂದರೂ, ಭತ್ತದ ದರ ಬಿದ್ದರೂ ತಮ್ಮ ಊಟಕ್ಕೆ ಚ್ಯುತಿ ಬಂದಿಲ್ಲ. ಹೊಳೆ ಬಂದಾಗ ಫತ್ತೇಪುರದ ಕಡೆಯ ರಸ್ತೆ ಮುಳುಗಿ ನಮ್ಮೂರಿಗೆ ಬಸ್ಸೇ ಬರುವುದಿಲ್ಲ. ಅಂಥ ದಿನವೂ ತಾವು ಬಂದು, ಉಂಡು, ಕೈ ತೊಳೆದುಕೊಂಡು ಹೋಗಿದ್ದೀರಿ.

ನಮ್ಮೂರು ಯಾವುದಕ್ಕೆ ಹೆಸರುವಾಸಿ ಎಂಬುದು ತಮ್ಮ ಕೇಂದ್ರ ಕಚೇರಿಯ ಕಂಪ್ಯೂಟರಿಗೆ ಗೊತ್ತಿರಲಾರದು. ತುಂಗಭದ್ರೆಯ ದಂಡೆಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಇದೆ. ಅಮಾವಾಸ್ಯೆ ಬಂತೆಂದರೆ, ಗಾಳಿ ಹಿಡಿದಿದೆ ಎಂದು ನಂಬಿದವರನ್ನು ಮನೆಯವರು ಕರೆತಂದು ಹೊಳೆಯಲ್ಲಿ ಮೀಯಿಸುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನಗೆ ಹಿಡಿಸಿದ್ದು ಅಲ್ಲಿನ ಶಿಸ್ತು. ಗಾಳಿ ಎಂಥದ್ದೇ ಇರಲಿ, ಎದುರು ನಿಂತವರು ಕೇಳುವ ಪ್ರಶ್ನೆ ಮೂರೇ: ಯಾರು ನೀನು? ಯಾಕೆ ಹಿಡಿದೆ? ಯಾವಾಗ ಬಿಡ್ತೀಯ? ದೆವ್ವಗಳೇ ತಲೆಬಾಗುವ ಈ ವಿಚಾರಣೆಗೆ ತಾವೂ ಒಳಪಡಬೇಕೆಂದು ವಿನಂತಿ.

ಮೊದಲನೆಯದು: ಯಾರು ನೀವು?

ಕೌಂಟರಿನಲ್ಲಿ ಕೇಳಿದೆ. "ಸಿಸ್ಟಂನಾಗೆ ತಾನೇ ಕಟ್ ಆಗೇತಿ ಯಜಮಾನ್ರೇ, ನಮ್ ಕೈಯಾಗೇನೂ ಇಲ್ಲ" ಎಂದರು. ಸಿಸ್ಟಂ ಎಲ್ಲಿ ಕೂರುತ್ತದೆ ಎಂದು ಕೇಳಿದ್ದಕ್ಕೆ ಊಟದ ವೇಳೆಯಾಯಿತು. ಪಾಸ್‌ಬುಕ್ಕಿನಲ್ಲಂತೂ ತಮ್ಮ ಹೆಸರು ಇಂಗ್ಲಿಷಿನ ನಾಲ್ಕಾರು ಅಕ್ಷರ, ಅದರ ಮುಂದೆ ಒಂದು ಸಂಖ್ಯೆ. ಎಸ್ಸೆಮ್ಮೆಸ್ ಕಳಿಸಿದ್ದಕ್ಕೆ ಶುಲ್ಕ, ಆ ಶುಲ್ಕ ಹಿಡಿದದ್ದನ್ನು ತಿಳಿಸಲು ಮತ್ತೊಂದು ಎಸ್ಸೆಮ್ಮೆಸ್! ಎಸ್ಸೆಮ್ಮೆಸ್ಸಿಗೆ ಬಳಸಿದಷ್ಟಕ್ಕೇ ದುಡ್ಡು ಹಿಡಿಯಿರಿ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು.

ತಮ್ಮ ವಂಶದಲ್ಲಿ ಹೆಸರು ಮಾಡಿದವರೊಬ್ಬರಿದ್ದಾರೆ: ಶ್ರೀ 17 ರೂಪಾಯಿ 70 ಪೈಸೆ. ಹದಿನೈದು ರೂಪಾಯಿ ಶುಲ್ಕ, ಅದರ ತಲೆಮೇಲೆ ಶೇ 18 ಜಿಎಸ್‌ಟಿ. ಬಡವರಿಗೆಂದೇ ತೆರೆದ ಜನಧನದಂಥ ಮೂಲ ಉಳಿತಾಯ ಖಾತೆಗಳಲ್ಲಿ, ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಸಲ ಯುಪಿಐ ಅಥವಾ ರುಪೇ ಕಾರ್ಡಿನಿಂದ ಪಾವತಿ ಮಾಡಿದವರಿಂದ ಸ್ಟೇಟ್ ಬ್ಯಾಂಕ್ ಪ್ರತಿ ಸಲ ಇಷ್ಟು ಹಿಡಿದುಕೊಂಡಿದ್ದನ್ನು ಐಐಟಿ ಬಾಂಬೆಯ ವರದಿ ಬೆಳಕಿಗೆ ತಂದಿತು. 'ಡಿಜಿಟಲ್ ಆಗಿ' ಎಂದು ಒಂದು ಕಡೆ ಡಂಗುರ, ಆದವರಿಗೆ ಇನ್ನೊಂದು ಕಡೆ ದಂಡ. 2020ರ ಆಗಸ್ಟ್‌ನಲ್ಲಿ ನೇರ ತೆರಿಗೆ ಮಂಡಳಿಯೇ, ಆ ವರ್ಷದ ಜನವರಿ 1ರಿಂದ ಇಂಥ ಪಾವತಿಗಳಿಗೆ ಹಿಡಿದ ಶುಲ್ಕವನ್ನು ವಾಪಸು ಕೊಡಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಬೇಕಾಯಿತು.

ಹದಿನೇಳು ಮುಕ್ಕಾಲಿನ ಆಸುಪಾಸಿನ ಈ ಅಂಕಿ ನಮ್ಮ ಜಿಲ್ಲೆಗೆ ಬೇರೆ ಕಾರಣಕ್ಕೂ ಪರಿಚಿತ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕಿಟಕಿಯಿಂದ ನುಗ್ಗಿದ ಕಳ್ಳರು ಗ್ರಾಹಕರ 17.7 ಕೆ.ಜಿ. ಚಿನ್ನ ಹೊತ್ತೊಯ್ದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನುಹತ್ತಿ, ಮದುರೆ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಅದರ ದೊಡ್ಡ ಪಾಲನ್ನು ಮೇಲೆತ್ತಿದರು. ಶಹಬ್ಬಾಸ್! ಆದರೆ 17.7 ಕೆ.ಜಿ.ಗೆ ತಮಿಳುನಾಡಿನ ಬಾವಿಗೆ ಇಳಿಯುವ ವ್ಯವಸ್ಥೆ, 17.70 ರೂಪಾಯಿಗೆ ಕುರ್ಚಿಯಿಂದಲೂ ಏಳುವುದಿಲ್ಲ. ಆ ಕಳ್ಳರು ಗ್ಯಾಸ್ ಕಟ್ಟರ್ ಹೊತ್ತು ಬರಬೇಕಾಯಿತು. ತಮಗೆ ಅಷ್ಟು ಶ್ರಮವೂ ಇಲ್ಲ.

ಎರಡನೆಯದು: ಯಾಕೆ ಹಿಡಿದಿರಿ?

ಕನಿಷ್ಠ ಬಾಕಿ ಇಲ್ಲದ್ದಕ್ಕೆ ಎಂಬ ಉತ್ತರ ಬಂದಿದೆ. ಎಂದರೆ, ನನ್ನ ಹತ್ತಿರ ದುಡ್ಡು ಕಡಿಮೆ ಇದೆ, ಆದ್ದರಿಂದ ಇದ್ದದ್ದನ್ನೂ ತೆಗೆದುಕೊಂಡಿರಿ. ಈ ತರ್ಕದಲ್ಲಿ ಲಾಭವೂ ಇದೆ. 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸ್ಟೇಟ್ ಬ್ಯಾಂಕ್ ಹೀಗೆ ಒಟ್ಟು ಮಾಡಿದ್ದು 1,771 ಕೋಟಿ ರೂಪಾಯಿ. ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಅದು ಗಳಿಸಿದ ನಿವ್ವಳ ಲಾಭಕ್ಕಿಂತ ಇದು ಹೆಚ್ಚು! 2023–24ಕ್ಕೆ ಮುಗಿದ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಈ ದಂಡದಿಂದ ಪಡೆದದ್ದು ಸುಮಾರು 8,500 ಕೋಟಿ ಎಂದು ಸಂಸತ್ತಿಗೆ ಸರ್ಕಾರವೇ ತಿಳಿಸಿತು. ಇದ್ದವರು ಸಾಲ ತೀರಿಸದಿದ್ದರೇನಂತೆ, ಇಲ್ಲದವರು ಬ್ಯಾಂಕನ್ನು ಕೈಬಿಡಲಿಲ್ಲ.

ಇನ್ನು ಮೇ ತಿಂಗಳ ಕೊನೆಯ ವಾರದ ಅತಿಥಿಗಳು. ಜೀವನ ಜ್ಯೋತಿ ವಿಮೆಗೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ. ಎರಡು ಲಕ್ಷದ ವಿಮೆ ಒಳ್ಳೆಯದೇ, ನನ್ನ ತಕರಾರು ಅದರ ಮೇಲಲ್ಲ. ಆದರೆ ತಾವಾಗಿ ಬಯಸಿ ಸಹಿ ಹಾಕಿದವರಿಗೆ ಮಾತ್ರ ಇರುವ ಯೋಜನೆ ಅದು. ನಾನು ಯಾವಾಗ ಬಯಸಿದೆ? ಅರ್ಜಿ ತೋರಿಸಿ ಎಂದರೆ ಅರ್ಜಿ ಸಿಗುವುದಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ನಾನು ಸತ್ತರೆ ಎರಡು ಲಕ್ಷ ಬರುತ್ತದೆಂದು ಗೊತ್ತಿಲ್ಲದ ನನ್ನ ಹೆಂಡತಿ ಅದನ್ನು ಯಾರನ್ನು ಕೇಳಬೇಕು?

ಅದೇ ನನ್ನ ದುಡ್ಡು ನನಗೆ ಬೇಕಾದಾಗ ಕಟ್ಟುನಿಟ್ಟು ನೋಡಬೇಕು! ಸಹಿಯ ಬಾಲ ಮೇಲೆ ಹೋದರೆ ಚೀಟಿ ವಾಪಸು. ಆಧಾರ್ ತನ್ನಿ, ಪ್ಯಾನ್ ತನ್ನಿ, ಕೆವೈಸಿ ಅವಧಿ ಮುಗಿದಿದೆ, ಫೋಟೊ ಹಳೆಯದು. ಗದ್ದೆ ಕೆಲಸದಲ್ಲಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸುವುದೇ ಇಲ್ಲ. ವಿಚಿತ್ರವೆಂದರೆ, ನನ್ನದನ್ನು ಒಪ್ಪದ ಯಂತ್ರ ಕಳ್ಳರು ತಂದ ನಕಲು ಬೆರಳನ್ನು ಆದರದಿಂದ ಬರಮಾಡಿಕೊಳ್ಳುತ್ತದೆ. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಗಳಿಂದ, ನೋಂದಣಿ ಪತ್ರದಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಬಳಸಿ ಹಣ ಎಗರಿಸಿದ್ದು ಬಯಲಾಯಿತು. ಆಧಾರ್ ಆಧಾರಿತ ಪಾವತಿಗೆ ಒಟಿಪಿ ಬೇಡ, ಪಿನ್ ಬೇಡ, ಖಾತೆದಾರ ಎದುರಿಗಿರುವುದೂ ಬೇಡವಾಯಿತು.

ಮೂರನೆಯದು: ಯಾವಾಗ ಬಿಡುತ್ತೀರಿ?

ಕೆಲವರು ಬಿಟ್ಟಿದ್ದಾರೆ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಉಳಿತಾಯ ಖಾತೆಗಳ ಕನಿಷ್ಠ ಬಾಕಿ ದಂಡ ಕೈಬಿಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಬಿಟ್ಟಿತು. ಬಿಟ್ಟ ಮೇಲೆ ಎರಡೂ ಬ್ಯಾಂಕುಗಳು ಬಾಗಿಲು ಹಾಕಿಲ್ಲ. ಆದ್ದರಿಂದ ತಾವಿಲ್ಲದಿದ್ದರೆ ಬ್ಯಾಂಕ್ ಉಪವಾಸ ಬೀಳುತ್ತದೆ ಎಂಬ ಮಾತನ್ನು ಇನ್ನು ಹೇಳಬೇಡಿ.

ಬಿಡಲು ಮನಸ್ಸಿಲ್ಲದ ತಮಗೆ ಕಾನೂನು ನೆನಪಿಸುತ್ತೇನೆ. ದಂಡ ಹಿಡಿಯುವ ಮುನ್ನ ಖಾತೆದಾರನಿಗೆ ತಿಳಿಸಿ ಒಂದು ತಿಂಗಳು ಸಮಯ ಕೊಡಬೇಕು, ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟೇ ಹಿಡಿಯಬೇಕು, ದಂಡದ ಕಾರಣಕ್ಕೆ ಬಾಕಿ ಸೊನ್ನೆಗಿಂತ ಕೆಳಗಿಳಿಯಬಾರದು ಎಂದು ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲೇ ಬರೆದಿಟ್ಟಿದೆ. 2017ರ ಜುಲೈ 6ರ ಸುತ್ತೋಲೆ ಇನ್ನೂ ಖಾರ: ತನಗೆ ಗೊತ್ತಿಲ್ಲದೆ ಆನ್‌ಲೈನಿನಲ್ಲಿ ಹಣ ಹೋಯಿತೆಂದು ಗ್ರಾಹಕ ಹೇಳಿದರೆ, ತಪ್ಪು ಅವನದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಕೌಂಟರಿನಲ್ಲಿ ಮಾತ್ರ ಇದು ತಿರುವುಮುರುವಾಗಿ, ಸಾಕ್ಷಿ ಹೊತ್ತು ತರಬೇಕಾದವನು ನಾನೇ.

ಹಾಗಾಗಿ ನನ್ನ ಬೇಡಿಕೆಗಳು ಇಷ್ಟೇ. ಪಾಸ್‌ಬುಕ್ಕಿನಲ್ಲಿ ತಮ್ಮ ಪೂರ್ತಿ ಹೆಸರು ಕನ್ನಡದಲ್ಲಿ ಬರಲಿ. ನಾನು ಒಪ್ಪಿ ಸಹಿ ಮಾಡಿದ ಕಾಗದ ಶಾಖೆಯಲ್ಲಿ ಕೇಳಿದ ಕೂಡಲೇ ಸಿಗಲಿ. ಕಾಗದ ಇಲ್ಲದಿದ್ದರೆ ಹಿಡಿದದ್ದನ್ನು ಬಡ್ಡಿಸಮೇತ ಹಿಂದಿರುಗಿಸಿ. ಇಷ್ಟಕ್ಕೂ ಒಪ್ಪದಿದ್ದರೆ, ಮುಂದಿನ ಅಮಾವಾಸ್ಯೆಗೆ ಸಿಸ್ಟಂ ಅವರನ್ನು ಕರೆದುಕೊಂಡು ನಮ್ಮೂರಿಗೆ ಬನ್ನಿ. ಹೊಳೆಯಲ್ಲಿ ನೀರಿದೆ.

ಇಂತಿ ತಮ್ಮ ನಂಬುಗೆಯ,
ಕನಿಷ್ಠ ಬಾಕಿಯ ಖಾತೆದಾರ

ವಿ.ಸೂ.: ಇದನ್ನು ಓದುತ್ತಿರುವ ಖಾತೆದಾರರೇ, ನಗುವುದು ಮುಗಿದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಖರ್ಚಿನ ಕಲಂ ಓದಿ. ನಿಮಗೆ ಗೊತ್ತಿಲ್ಲದೆ ಮೂರನೆಯವರು ಹಣ ತೆಗೆದಿದ್ದರೆ ಅಂದೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ. ತಪ್ಪು ನಿಮ್ಮದಲ್ಲದಿದ್ದು, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ನಷ್ಟ ಸೊನ್ನೆ, ತಡಮಾಡಿದಷ್ಟೂ ಹೊರೆ ನಿಮ್ಮ ಮೇಲೆ. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಸಿ. ಶುಲ್ಕದ ತಕರಾರಿದ್ದರೆ ಬಾಯಿಮಾತಿಗೆ ಬಿಡದೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಮಾಹಿತಿಗೆ 14448. ಆ ದೂರಿಗೆ ಮಾತ್ರ ಶುಲ್ಕವಿಲ್ಲ.