ಸೂರ್ಯಮಿತ್ರ

(ತೇರಗಾಂವ, ಮಾರುತಿ ಗುಡಿ ಕಟ್ಟಿ)

"ಕಾಕಾ, ಸೂರ್ಯಮಿತ್ರ ತರಬೇತಿ ಮುಗಿಸೇನಿ. ಸೋಲಾರ್ ಕೆಲಸ, 600 ತಾಸು, ಊಟ-ವಸತಿ ಪುಕ್ಕಟೆ!"

"2015ಕ್ಕಿಂತ ಮೊದಲ ಸೂರ್ಯಪ್ಪಗ ಗೆಳ್ಯಾರ ಇದ್ದಿದ್ದಿಲ್ಲೇನು?"

"ಆಗ ಸರ್ಕಾರದ ಈ ಸ್ಕೀಮ್ ಇದ್ದಿದ್ದಿಲ್ಲ, 2015ಕ್ಕ ಸುರು ಆತು."

"ಕಲಿಯೂವಾಗ ಪಗಾರ?"

"ಸರ್ಟಿಫಿಕೇಟ್ ಕೊಟ್ಟಾರ."

"ಮನಿಯಾಗ ನಿಮ್ಮವ್ವ ಅದನ್ನ ಕುದಿಸಿ ಸಾರು ಮಾಡ್ಲೇನು? ಸರ್ಕಾರದ ಯುವನಿಧಿಯಾಗ ಡಿಗ್ರಿ ಮುಗಿಸಿ ಖಾಲಿ ಕುಂತವಗ ತಿಂಗಳಿಗೆ 3000 ರೂಪಾಯಿ. ಕಲಿಯಾಕ ಹೋದವಗ ಸೊನ್ನಿ!"

"ನೌಕರಿ ಸಿಗತೈತಿ ಕಾಕಾ, ಪಾವಗಡದ ಸೋಲಾರ್ ಪಾರ್ಕಿನ್ಯಾಗ. ಹಸಿರು ನೌಕರಿ."

"ಅಲ್ಲಿ ಹಸಿರು ಏನೈತಿ?"

"ಪ್ಯಾನೆಲ್. ನೀಲಿ."

"ದಾಂಡೇಲಿ ಕಾಡಿನ ಮಗ್ಗಲ ಹುಟ್ಟಿ, ಹಸಿರು ಹುಡುಕ್ಕೊಂತ ಬಯಲುಸೀಮಿಗೆ! ನಾ ಜಲ್ಮೆಲ್ಲಾ ಗಿಡ ನೆಟ್ಟೇನಲ್ಲೋ?"

"ಅದಕ್ಕ ಸರ್ಟಿಫಿಕೇಟ್ ಇಲ್ಲಲ್ಲ!"

"ಹಂಗಾರ ಅರ್ಜಿ ಬರಿ: ಕಲಿಯೂ ತಿಂಗಳಿಗೂ ಪಗಾರ ಕೊಡ್ರಿ. ಮೊದಲ ಸಹಿ ನಂದು."