ರಾಜ್ಯೋತ್ಸವದ ಯಜಮಾನರು

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಕೇಳುವ ಯಾವ ಬೀದಿಗೆ ಹೋದರೂ ಇಂಥ ಯಜಮಾನರೊಬ್ಬರು ಸಿಗುತ್ತಾರೆ. ಕೆಳಗೆ ಆರೇಳು ಪವರ್‌ಲೂಮ್, ಮೇಲೆ ಮನೆ, ಸ್ಕೂಟರಿನ ಮುಂದೆ ಅರಿಶಿನ-ಕುಂಕುಮ ಬಣ್ಣದ ಬಾವುಟ. ತಾತ ಹಿಂದೂಪುರದ ಕಡೆಯಿಂದ ಮಗ್ಗ ಬಿಚ್ಚಿಕೊಂಡು ಬಂದವರು. ಆ ವಿಷಯ ಎತ್ತಿದರೆ ಮಾತ್ರ, "ಅದೆಲ್ಲ ಹಳೇ ಕತೆ ಬಿಡಿ ಸ್ವಾಮಿ" ಅಂತ ಕಾಫಿ ತರಿಸುತ್ತಾರೆ.

1956ರ ಏಕೀಕರಣ, 1973ರ ನಾಮಕರಣ ಅವರಿಗೆ ಬಾಯಿಪಾಠ. 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಕೈಬೀಸಿದ್ದು ತಮಗೇ ಎಂದು ಇವತ್ತಿಗೂ ನಂಬಿದ್ದಾರೆ. ಅಭಿಮಾನವೆಲ್ಲ ಅಣ್ಣಾವ್ರಿಗೆ, ಮೊದಲ ದಿನದ ಟಿಕೆಟ್ ಚಿರಂಜೀವಿಗೆ. ದೇವರನ್ನು ಬೇಡುವುದು ಕನ್ನಡದಲ್ಲಿ, ನೋಟೆಣಿಸುವುದು ತೆಲುಗಿನಲ್ಲಿ. ಲೆಕ್ಕ ತಪ್ಪಬಾರದಲ್ಲ! ಮಗ್ಗದಲ್ಲಿ ಎಳೆ ಕಿತ್ತಿತೋ, "ದಾರಂ ತೆಗಿಂದಿ ಚೂಡ್ರಾ!" ಎಂಬ ಕೂಗು ಲಾಳಿಯ ಸದ್ದನ್ನೂ ಮೀರಿ ಬೀದಿಗೆ ಬರುತ್ತದೆ.

ಅಮ್ಮ ತೆಲುಗಿನಲ್ಲಿ ಊಟಕ್ಕೆ ಕರೆದರೆ ಇವರು "ಬಂದೆ ಕಣಮ್ಮಾ" ಅನ್ನುತ್ತಾರೆ. ಇಂಗ್ಲಿಷ್ ಮೀಡಿಯಂ ಮಗಳು ಫೋನಿನಿಂದ ತಲೆಯೆತ್ತದೆ "ಫೈವ್ ಮಿನಿಟ್ಸ್" ಅನ್ನುತ್ತಾಳೆ. ಅಜ್ಜಿಗೆ ಅರ್ಥವಾಗುವುದು ಸಾರು ಆರಿದ್ದಷ್ಟೇ.

ನವೆಂಬರ್ 1ರಂದು ಇವರದೇ ಪೆಂಡಾಲು, ಇವರದೇ ಚಿತ್ರಾನ್ನ, ಇವರದೇ ಭಾಷಣ: "ಹೊರಗಡೆಯಿಂದ ಬಂದೋರು ಕನ್ನಡ ಕಲೀಲೇಬೇಕು!" ಚಪ್ಪಾಳೆ ನಿಲ್ಲುವ ಮೊದಲೇ ವೇದಿಕೆ ಇಳಿದು, ಬಿಹಾರದಿಂದ ಬಂದ ತಮ್ಮ ಮಗ್ಗದ ಕೆಲಸಗಾರನಿಗೆ, "ಏ ಭಾಯ್, ಕುರ್ಸಿ ಉಠಾವ್" ಎನ್ನುತ್ತಾರೆ. ಅವನು "ಆಯ್ತು ಯಜಮಾನ್ರೇ" ಅಂದರೂ ಇವರು ಹಿಂದಿ ಬಿಡುವುದಿಲ್ಲ. ಪಾಪ, ಕಲಿಯೋಣವೆಂದರೆ ಇವರು ಬಿಡಬೇಕಲ್ಲ!

ಆ ಕೆಲಸಗಾರನ ಮಗ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಕ್ಷೀರಭಾಗ್ಯದ ಹಾಲಿನ ಜೊತೆ ಕಾಗುಣಿತವನ್ನೂ ಅರೆದು ಕುಡಿದವನು. ಕಳೆದ ಸಲ ಬ್ಯಾನರು ಕಟ್ಟುವಾಗ ಕೆಳಗೆ ನಿಂತು ಓದಿದ: "ಹಾರ್ಧಿಕ ಸ್ವಾಗತ". ಮೂಗು ಮುರಿದು, "ಅಂಕಲ್, ಇದಕ್ಕೆ ಹೊಟ್ಟೆ ಸೀಳಬಾರದು. ಮಿಸ್ಸು ಹೊಡೀತಾರೆ" ಅಂದ. ಯಜಮಾನರು ಸುತ್ತ ನೋಡಿದರು. ಸುಣ್ಣದ ಡಬ್ಬಿ ತರಿಸಿ, ಅವನನ್ನೇ ಏಣಿ ಹತ್ತಿಸಿ, ಸೀಳಿದ ಹೊಟ್ಟೆ ಹೊಲಿಸಿದರು. ಆಮೇಲೆ ಬಂದವರಿಗೆಲ್ಲ, "ನಮ್ಮ ಹುಡುಗ, ಕನ್ನಡದಲ್ಲಿ ಭಾರೀ ಚುರುಕು" ಎಂದು ಪರಿಚಯಿಸಿದರು.

ನವೆಂಬರಿನಲ್ಲಿ ಆ ಕಡೆ ಬಂದರೆ ಬ್ಯಾನರುಗಳನ್ನು ನಿಧಾನವಾಗಿ ಓದಿ. ತಪ್ಪಿಲ್ಲದ ಬ್ಯಾನರು ಕಂಡರೆ ದುಡ್ಡು ಯಜಮಾನರದ್ದು, ಕಾಗುಣಿತ ಬಿಹಾರದ್ದು ಎಂದು ತಿಳಿಯಿರಿ.