ಪಾಪ ಅವರದು, ನರಕ ನಮ್ಮದು

ಮೊದಲ ಜೋರು ಮಳೆ ಬಿದ್ದ ಮರುದಿನ ಬೆಂಗಳೂರಿನ ಪತ್ರಿಕೆಗಳಲ್ಲಿ ಒಂದು ಶೀರ್ಷಿಕೆ ತಪ್ಪುವುದಿಲ್ಲ: ‘ವಾಹನ ಸವಾರರಿಗೆ ನರಕಯಾತನೆ’. ಪ್ರತಿವರ್ಷ ಹೊಸದಾಗಿ ಟೈಪ್ ಮಾಡುತ್ತಾರೋ, ಕಳೆದ ವರ್ಷದ್ದನ್ನೇ ಎತ್ತಿ ಹಾಕುತ್ತಾರೋ, ದೇವರೇ ಬಲ್ಲ. ನನಗೆ ಮಾತ್ರ ಇದು ನರಕಕ್ಕೆ ಮಾಡುವ ಅವಮಾನ ಅನ್ನಿಸುತ್ತದೆ. ಅದೇನು ಕಂಡಕಂಡವರು ಹೋಗಿ ಬೀಳುವ ಜಾಗವೆ? ಅಲ್ಲಿಗೆ ಅರ್ಹತೆ ಬೇಕು. ಒಂದು ಅರ್ಧಸುಳ್ಳು ಹೇಳಿದ್ದಕ್ಕೆ ಧರ್ಮರಾಯನಂಥವನಿಗೂ ಬರೀ ನೋಡಿ ಬರುವಷ್ಟು ಅವಕಾಶ ಸಿಕ್ಕಿತು.

ಭಾಗವತದ ಐದನೇ ಸ್ಕಂಧದಲ್ಲಿ 28 ನರಕಗಳ ಪಟ್ಟಿಯಿದೆ. ಒಂದೊಂದು ಅಪರಾಧಕ್ಕೆ ಒಂದೊಂದು ವಿಭಾಗ. ನಾವು ಬಾಯಿಗೆ ಬಂದಂತೆ ‘ರೌರವ ನರಕ’ ಅನ್ನುತ್ತೇವಲ್ಲ, ಅದು ಸಂಸಾರ ಸಾಕುವ ನೆಪದಲ್ಲಿ ಬೇರೆ ಜೀವಿಗಳಿಗೆ ದ್ರೋಹ ಬಗೆದವರಿಗೆ ಮೀಸಲು. ಪ್ರಾಣಿಗಳನ್ನು ಜೀವಂತ ಬೇಯಿಸಿದವರಿಗೆ ಕುಂಭೀಪಾಕದ ಕುದಿಯುವ ಎಣ್ಣೆ. ದುಡ್ಡಿನ ಮೇಲೆ ಕಾವಲು ಕೂತವನಿಗೆ ಸೂಚೀಮುಖ. ಯಮದೂತರು ಮೈಯನ್ನೇ ಸೂಜಿದಾರದಲ್ಲಿ ಹೊಲಿಯುತ್ತಾರೆ.

ಇಷ್ಟೆಲ್ಲ ಕೇಳುತ್ತ ಕೂತವನು ಪರೀಕ್ಷಿತ, ಸ್ವತಃ ರಾಜ. ಆದರೂ ಶುಕಮುನಿ ದಾಕ್ಷಿಣ್ಯ ನೋಡಲಿಲ್ಲ. ನಿರಪರಾಧಿಯನ್ನು ದಂಡಿಸಿದ ರಾಜನನ್ನೂ ಅವನ ಅಧಿಕಾರಿಯನ್ನೂ ಸೂಕರಮುಖದಲ್ಲಿ ಕಬ್ಬಿನಂತೆ ಅರೆಯುತ್ತಾರೆ ಅಂದರು. ಊರು ದೋಚಿದ ರಾಜಭಟರ ಮೇಲೆ 720 ನಾಯಿಗಳನ್ನು ಛೂ ಬಿಡುತ್ತಾರೆ ಅಂದರು. (ನಮ್ಮ ಬಡಾವಣೆಯಲ್ಲೂ ನಾಯಿಗಳಿಗೇನು ಬರವಿಲ್ಲ. ಅವು ಅಟ್ಟಿಸಿಕೊಂಡು ಹೋಗುವುದು ಬೆಳಗ್ಗೆ ಹಾಲು ತರಲು ಹೊರಟವರನ್ನು.)

ನನಗೆ ಅಚ್ಚುಮೆಚ್ಚಿನದು ಅವೀಚಿ. ಸುಳ್ಳು ಸಾಕ್ಷಿ ಹೇಳಿದವರು, ವ್ಯವಹಾರದಲ್ಲಿ ಸುಳ್ಳಾಡಿದವರು ಇಲ್ಲಿಗೆ ಬರುತ್ತಾರೆ. ನೂರು ಯೋಜನ ಎತ್ತರದ ಬೆಟ್ಟದಿಂದ ತಲೆಕೆಳಗಾಗಿ ತಳ್ಳಿಸಿಕೊಳ್ಳುತ್ತಾರೆ. ಕೆಳಗೆ ನೀರಿದ್ದಂತೆ ಕಾಣುತ್ತದೆ, ಇರುವುದು ಬಂಡೆ. ಮೈ ಎಳ್ಳಿನಷ್ಟು ಚೂರಾದರೂ ಜೀವ ಹೋಗುವುದಿಲ್ಲ. ಮತ್ತೆ ಹತ್ತಿಸಿ ಮತ್ತೆ ತಳ್ಳುತ್ತಾರೆ. ನಮ್ಮಲ್ಲಿ ರಸ್ತೆಯಿದ್ದಂತೆ ಕಾಣುತ್ತದೆ, ಇರುವುದು ಮೊಣಕಾಲುದ್ದದ ಗುಂಡಿ. ತಾಂತ್ರಿಕವಾಗಿ ಅಂಥ ವ್ಯತ್ಯಾಸವಿಲ್ಲ. ಆದರೆ ಮಾಡದ ಕೆಲಸಕ್ಕೆ ಬಿಲ್ ಬರೆದವರು ಯಾರೋ, ಸ್ಕೂಟರ್ ಸಮೇತ ಬೀಳುವವರು ಇನ್ಯಾರೋ. ಬೀಳುವ ಮುಂಚೆ ರಸ್ತೆ ತೆರಿಗೆಯನ್ನೂ ಕಟ್ಟಿರಬೇಕು.

ವೈತರಣಿಯದೂ ಇದೇ ಕಥೆ. ಮಲಮೂತ್ರ, ಕೀವು, ರಕ್ತ ಹರಿಯುವ ಆ ಹೊಳೆಗೆ ತಳ್ಳುವುದು ಧರ್ಮದ ಎಲ್ಲೆ ಮೀರಿದ ರಾಜರನ್ನು, ರಾಜಪುರುಷರನ್ನು. 2017ರಲ್ಲಿ ಬೆಳ್ಳಂದೂರು ಕೆರೆಗೆ, ಹೌದು, ನೀರಿರಬೇಕಾದ ಕೆರೆಗೇ, ಬೆಂಕಿ ಬಿದ್ದಾಗ ದಡದಲ್ಲಿ ಮೂಗು ಮುಚ್ಚಿಕೊಂಡು ನಿಂತವರು ಫ್ಲ್ಯಾಟಿನ ಕಂತು ಕಟ್ಟುತ್ತಿದ್ದ ಬಡಪಾಯಿಗಳು. ವೈತರಣಿ ದಾಟಲು ಗೋದಾನ ಕೊಟ್ಟವನಿಗೆ ಹಸುವಿನ ಬಾಲವಾದರೂ ಸಿಗುತ್ತದಂತೆ.

ರೌರವದ ವಿವರ ಅರ್ಧಕ್ಕೇ ಬಿಟ್ಟಿದ್ದೆ. ಅಲ್ಲಿ ನೊಂದ ಜೀವಿಗಳೇ ರುರುಗಳಾಗಿ, ಹಾವಿಗಿಂತ ಕ್ರೂರವಾಗಿ, ನೋಯಿಸಿದವನ ಮೇಲೆ ಎರಗುತ್ತವೆ. ಇದೊಂದು ನಮ್ಮಲ್ಲಿ ಜಾರಿಗೆ ಬಂದರೆ ಫಜೀತಿ. ಗುಂಡಿಗೆ ಬಿದ್ದವರೆಲ್ಲ ರುರುಗಳಾಗಿ ಬಂದರೆ ಒಬ್ಬ ಕಾಂಟ್ರ್ಯಾಕ್ಟರ್ ಯಾವ ಮೂಲೆಗೆ ಸಾಕು? ಅಲ್ಲೂ ಟೋಕನ್ ತೆಗೆದುಕೊಂಡು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.